ಕರಿಕೆ ಹೊಲದಲ್ಲಿ ಕೆಮ್ಮಿದ ಎಂಜಿನ್

ಹೋದ ತಿಂಗಳು ತಂಗಿಯ ಮೊಮ್ಮಗಳ ಮದುವೆಗೆಂದು ಹುಮನಾಬಾದಿನ ಬಸ್ಸು ಹತ್ತಿದ್ದೆ. ಕಮಲಾಪುರದಲ್ಲಿ ಬಸ್ಸು ನಿಂತಿತು. ಕೆಂಪು ಬಾಳೆಹಣ್ಣು ಮಾರುವ ಹೆಂಗಸರು ಕಿಟಕಿಗೆ ಬುಟ್ಟಿ ಎತ್ತಿ ಹಿಡಿದರು. ಚೌಕಾಸಿಗೆ ಇಳಿದವನು ಅರ್ಧಕ್ಕೇ ಬಾಯಿ ಮುಚ್ಚಿಕೊಂಡೆ. ಚಹಾದಂಗಡಿಯ ಪಕ್ಕ ಒಂದು ಹಳೆಯ ಟ್ರ್ಯಾಕ್ಟರು ನಿಂತಲ್ಲೇ ಓಡುತ್ತಿತ್ತು, ಮತ್ತು ತಪ್ಪಾಗಿ ಓಡುತ್ತಿತ್ತು. ಅದರ ಮಾಲೀಕ ಬೆಂಚಿನ ಮೇಲೆ ಕಾಲು ಚಾಚಿ ಆರಾಮಾಗಿ ಚಹಾ ಹೀರುತ್ತಿದ್ದ. ಜನಕ್ಕೆ ಕಿವಿ ಯಾಕಾದರೂ ಇದೆಯೋ!

ಇದು ನನ್ನ ಹಳೆಯ ರೋಗ. ಯಾರದೋ ಎಂಜಿನ್ ಕೆಮ್ಮಿದರೆ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಆಟೋದವರನ್ನು ನಿಲ್ಲಿಸಿ ಬುದ್ಧಿ ಹೇಳಿ ಬೈಸಿಕೊಂಡವನು ನಾನು. ಆವತ್ತೂ ಸುಮ್ಮನಿರಲಾಗಲಿಲ್ಲ. ಇಳಿದು ಹೋಗಿ, "ಒಂದು ಸಿಲಿಂಡರ್ ಸತ್ತದ ನೋಡಪಾ, ಎಣ್ಣಿ ಜಾಳಿಗಿ ತಗದು ತೊಳಿ" ಅಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಜ್ಜಾರ, ನಿಮ್ಮ ಬಸ್ ಹೊಂಟದ ನೋಡ್ರಿ" ಅಂದ. ನಿಜಕ್ಕೂ ಹೋಗಿಬಿಟ್ಟಿತ್ತು. ಅದೇ ಬೆಂಚಿನ ಇನ್ನೊಂದು ತುದಿಗೆ ಕೂತೆ. ಮುಂದಿನ ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು. ರಸ್ತೆಯಾಚೆಯ ಎರೆ ಹೊಲ ನೋಡುತ್ತ ಕೂತವನಿಗೆ ಮಲ್ಕಪ್ಪನ ನೆನಪು ಬಂತು.

ಅದು ನಿಜಾಮರ ಕಾಲ. ಎಲ್ಲೋ ಯುರೋಪಿನಲ್ಲಿ ಯುದ್ಧ ನಡೆದಿತ್ತು, ಅದರ ಬಿಸಿ ನಮಗೆ ತಟ್ಟುತ್ತಿದ್ದುದು ಡೀಸೆಲ್ಲಿಗೆ ಪರ್ಮಿಟ್ಟು ಕೇಳುವಾಗ ಮಾತ್ರ. ಕಲಬುರಗಿಯ ನಮ್ಮ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಮೂರರಲ್ಲೂ ಅಪ್ಪ ನನಗೆ ಹೇಳುತ್ತಿದ್ದುದು ಒಂದೇ: ಕಚೇರಿಯಲ್ಲಿ ಒಂದು ಕುರ್ಚಿ ಹಿಡಿ. ನನಗೋ ಕುರ್ಚಿ ಅಂದರೆ ಮೈಯೆಲ್ಲ ತುರಿಕೆ. ಸ್ಟೇಷನ್ ರಸ್ತೆಯಲ್ಲಿ ಖಾದರ್ ಉಸ್ತಾದರು ಎಣ್ಣೆ ಎಂಜಿನ್‌ಗಳ ರಿಪೇರಿ ಮಾಡುತ್ತಿದ್ದರು. ಅವರ ತಗಡಿನ ಛಾವಣಿಯ ಕೆಳಗೆ ಹೋಗಿ ಸೇರಿಕೊಂಡೆ. ಜನಿವಾರಕ್ಕೆ ಗ್ರೀಸು ಹತ್ತಿದ್ದನ್ನು ನೋಡಿ ಅವ್ವ ಅತ್ತಳು. ಅಪ್ಪ ಮಾತು ಬಿಟ್ಟರು. ನಾನು ಬಿಡಲಿಲ್ಲ.

ಉಸ್ತಾದರ ಮೂಲಕವೇ ನನಗೆ ಕಮಲಾಪುರದ ಬಸವಂತರಾಯ ಸಾಹುಕಾರರ ಕೆಲಸ ಸಿಕ್ಕಿತು. ಸಾಹುಕಾರರು ಸೊಲ್ಲಾಪುರದ ಕಡೆಯಿಂದ ಒಂದು ಹಳೆಯ ಡೀಸೆಲ್ ಟ್ರ್ಯಾಕ್ಟರು ತರಿಸಿದ್ದರು. ಕಬ್ಬಿಣದ ಗಾಲಿ, ನಾಲ್ಕು ಸಿಲಿಂಡರು, ಬಣ್ಣ ಹೋದ ಮೈ. ಕಲಬುರಗಿ ಸ್ಟೇಷನ್ನಿನಲ್ಲಿ ಗೂಡ್ಸಿನಿಂದ ಇಳಿಸಿ ನಾನೇ ಅದನ್ನು ಓಡಿಸಿಕೊಂಡು ಹೊರಟೆ. ಶರಣಬಸವೇಶ್ವರ ಗುಡಿಯ ಹತ್ತಿರ ಜನ ಎರಡೂ ಕಡೆ ಸಾಲುಗಟ್ಟಿ ನಿಂತು ನೋಡಿದರು. ಮದುಮಗನಿಗೂ ಅಂಥ ಮೆರವಣಿಗೆ ಸಿಗಲಿಕ್ಕಿಲ್ಲ.

ಸಾಹುಕಾರರಿಗೆ ಟ್ರ್ಯಾಕ್ಟರು ಬೇಕಾದದ್ದು ಒಂದೇ ಕಾರಣಕ್ಕೆ. ಅವರ ದೊಡ್ಡ ಎರೆ ಹೊಲಕ್ಕೆ ಕರಿಕೆ, ಅಂದರೆ ಗರಿಕೆ ಹುಲ್ಲು, ಹೊಕ್ಕಿತ್ತು. ಗಣಪತಿಯ ತಲೆಯ ಮೇಲಿದ್ದಾಗ ಕರಿಕೆ ಪವಿತ್ರ, ಎರೆ ಹೊಲದಲ್ಲಿದ್ದಾಗ ಶನಿ. ಬೇರು ಆಳುದ್ದ ಇಳಿದಿರುತ್ತದೆ. ಬೇಸಿಗೆಯಲ್ಲಿ ಆಳವಾಗಿ ಉತ್ತು, ಬೇರು ಮೇಲೆ ಹಾಕಿ, ಬಿಸಿಲಿಗೆ ಸುಟ್ಟರೆ ಮಾತ್ರ ಸಾಯುತ್ತದೆ. ಮಳೆ ಬಿತ್ತೋ, ಅಷ್ಟೂ ಬೇರು ಮತ್ತೆ ಚಿಗುರುತ್ತದೆ. ಅಲ್ಲಿಯವರೆಗೆ ಆ ಕೆಲಸವನ್ನು ದೊಡ್ಡ ನೇಗಿಲಿಗೆ ನಾಲ್ಕು ಜೋಡಿ ಎತ್ತು ಸಾಲಾಗಿ ಕಟ್ಟಿ ಮಾಡುತ್ತಿದ್ದರು. ಆ ಎತ್ತುಗಳ ಯಜಮಾನಿಕೆಯೆಲ್ಲ ಮಲ್ಕಪ್ಪನದು.

ಮಲ್ಕಪ್ಪ ಸಾಹುಕಾರರ ಮನೆಯಲ್ಲೇ ಬೆಳೆದು ನಲವತ್ತು ದಾಟಿದವನು. ಎತ್ತರದ ಆಳು, ಮಾತು ಕಡಿಮೆ. ಹಂಡ್ಯಾ, ಮಾಸ್ಯಾ, ಕೆಂದ್ಯಾ ಎಂದು ಎಂಟಕ್ಕೂ ಹೆಸರಿಟ್ಟಿದ್ದ. ಅವುಗಳಲ್ಲಿ ಐದು ಅವನ ಕಣ್ಣೆದುರೇ ಹುಟ್ಟಿದವು. ನಾನು ಟ್ರ್ಯಾಕ್ಟರು ತಂದು ಕೊಟ್ಟಿಗೆಯ ಮುಂದೆ ನಿಲ್ಲಿಸಿದ ದಿನ ಸಾಹುಕಾರರು ಅವನೆದುರೇ ನನಗೆ ಹೇಳಿದರು:

"ಮಾಧುರಾಯರ, ಮಿರಗದ ಮಳಿ ಹಿಡಿಯೋದ್ರೊಳಗ ಈ ಹೊಲ ಪೂರಾ ಆತಂದ್ರ ಮೂರು ಜೋಡಿ ಎತ್ತು ಹುಮನಾಬಾದ ಸಂತಿಗೆ ಹೊಡಿತೀನಿ. ಬಿತ್ತಲಿಕ್ಕ ಒಂದು ಜೋಡಿ ಸಾಕು, ಮೇವರೆ ಉಳಿತದ. ಆಗಲಿಲ್ಲಂದ್ರ ಈ ಕಬ್ಬಿಣಾನೇ ವಾಪಸ್ ಕಳಸ್ತೀನಿ. ಎತ್ತು ಇರ್ತಾವ."

ಮಲ್ಕಪ್ಪ ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ ಬಂದು, "ಬಾಯಿಲ್ಲ, ಬಾಲಿಲ್ಲ. ಬರೀ ಹೊಟ್ಟಿ" ಎಂದು ಒಳಗೆ ಹೋದ.

ಅಂದಿನಿಂದ ಇಬ್ಬರ ನಡುವೆ ಸ್ಪರ್ಧೆ ಅಂತಲೇ ಊರವರು ತಿಳಿದರು. ನಾನು ಗೆದ್ದರೆ ಅವನ ಎತ್ತು ಹೋಗುತ್ತವೆ, ಅವನು ಗೆದ್ದರೆ ನಾನು ಅಪ್ಪ ತೋರಿಸಿದ ಕುರ್ಚಿಗೆ ಹೋಗುತ್ತೇನೆ. ನನಗಂತೂ ಗೆಲ್ಲುವ ಹುಚ್ಚು. ಬೆಳಕು ಹರಿಯುವ ಮೊದಲೇ ಹ್ಯಾಂಡಲ್ ತಿರುವುತ್ತಿದ್ದೆ. ವೈಶಾಖದ ಬಿಸಿಲಿಗೆ ಕಬ್ಬಿಣದ ಸೀಟು ಬಾಣಲೆಯಾಗುತ್ತಿತ್ತು, ಗೋಣಿಚೀಲ ನೆನೆಸಿ ಹಾಸಿಕೊಂಡು ಕೂಡುತ್ತಿದ್ದೆ. ನೇಗಿಲು ನೆಲದ ಹೊಟ್ಟೆಯೊಳಗೆ ಹೊಕ್ಕು ಅಂಗೈದಪ್ಪದ ಹೆಂಟೆಗಳನ್ನು ಮಗುಚುತ್ತಿತ್ತು. ಹಿಂದೆ ಮಲ್ಕಪ್ಪ ಆಳುಗಳನ್ನು ಕರೆದುಕೊಂಡು ಕರಿಕೆ ಬೇರು ಆರಿಸಿ ರಾಶಿ ಹಾಕುತ್ತ ಬರುತ್ತಿದ್ದ. ಅವನ ಎತ್ತುಗಳು ಬೇವಿನ ನೆರಳಲ್ಲಿ ನಿಂತು ಮೆಲುಕು ಹಾಕುತ್ತಿದ್ದವು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವನೇ ಮಾತು ತೆಗೆದ.

"ಇದಕ್ಕ ದಣಿವು ಆಗಂಗಿಲ್ಲೇನ್ರಿ ರಾಯರ?"

"ಕಬ್ಬಿಣಕ್ಕ ಎಂಥಾ ದಣಿವೋ ಮಲ್ಕಪ್ಪಣ್ಣ?"

"ಆಗತದ್ರಿ. ಏರಿನ್ಯಾಗ ಉಸಿರು ಬಿಡೋದು ಕೇಳಿಲ್ಲೇನು?" ಎಂದು ರೊಟ್ಟಿ ಮುರಿದ. ನಾನು ನಕ್ಕುಬಿಟ್ಟೆ.

ಆ ವರ್ಷ ಮಿರಗ, ಅಂದರೆ ಮೃಗಶಿರಾ ಮಳೆ, ತಡ ಮಾಡಿತು. ಕಾರಹುಣ್ಣಿಮೆ ಬಂದರೂ ಒಂದು ಹನಿ ಇಲ್ಲ. ಇನ್ನು ಕಾಲು ಭಾಗ ಹೊಲ ಉಳಿದಿತ್ತು. ಹಬ್ಬದ ದಿನ ಯಾರೂ ನೇಗಿಲು ಮುಟ್ಟುವುದಿಲ್ಲವಾದ್ದರಿಂದ ನಾನು ಕಲಬುರಗಿಗೆ ಹೋಗಿ ಅವ್ವನ ಕೈ ಊಟ ಉಂಡು ಬಂದೆ. ಮರಳಿದಾಗ ಎತ್ತುಗಳ ಕೊಂಬಿಗೆ ಬಣ್ಣ, ಹಣೆಗೆ ಬಾಸಿಂಗ. ಟ್ರ್ಯಾಕ್ಟರಿನ ಮೂತಿಗೂ ಯಾರೋ ಅರಿಶಿನ ಬಳಿದು ಬೇವಿನ ತೋರಣ ಕಟ್ಟಿದ್ದರು. ಮನೆಯ ಹೆಣ್ಣುಮಕ್ಕಳ ಕೆಲಸ ಇರಬೇಕೆಂದು ಖುಷಿಪಟ್ಟೆ. ತೋರಣವನ್ನು ಬಿಚ್ಚದೆಯೇ ಹೊಲಕ್ಕೆ ಹೊಡೆದೆ.

ಎರಡು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಬೆಳಿಗ್ಗೆ ಏರಿನಲ್ಲಿ ಎಂಜಿನ್ ಎಡವಿತು. ಬಿಳಿ ಹೊಗೆ ಉಗುಳಿತು. ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಟಣ್ ಟಣ್ ಸದ್ದು. ಟ್ರ್ಯಾಕ್ಟರು ಇಡಿಯಾಗಿ ನಡುಗುತ್ತಿತ್ತು, ಅದರ ಮೇಲೆ ಕೂತ ನನ್ನ ಹಲ್ಲುಗಳೂ ಕಟಕಟ ಅನ್ನುತ್ತಿದ್ದವು. ಕೊಳವೆಗಳಲ್ಲಿ ಗಾಳಿ ಹೊಕ್ಕಿರಬೇಕೆಂದು ಹೊರಗೆ ಬಿಟ್ಟೆ. ಜಗ್ಗಲಿಲ್ಲ. ನಾಲ್ಕು ಸಿಲಿಂಡರಿಗೂ ಎಣ್ಣೆ ಒಯ್ಯುವ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಕಿವಿಗೊಟ್ಟೆ. ಸಡಿಲಿಸಿದಾಗ ಎಂಜಿನ್ನಿನ ಸ್ವರ ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿದೆ ಅಂತ ಅರ್ಥ, ಸ್ವರ ಹಾಗೇ ಇದ್ದರೆ ಅದು ಸೋಮಾರಿ. ಮೂರನೆಯದು ಸೋಮಾರಿಯಾಗಿತ್ತು. ಅದರ ಎಣ್ಣೆ ಚಿಮ್ಮಿಸುವ ಮೂತಿ ಬಿಚ್ಚಿ, ಸೀಮೆ ಎಣ್ಣೆಯಲ್ಲಿ ತೊಳೆದು ಹಾಕಿದೆ. ಹಾಡಿಕೊಂಡು ಓಡಿತು. ಮಧ್ಯಾಹ್ನಕ್ಕೆ ಎರಡನೆಯದು ಸತ್ತಿತು!

ಅದನ್ನು ತೊಳೆದರೆ ನಾಲ್ಕನೆಯದು. ನಾಲ್ಕನೆಯದನ್ನು ರಿಪೇರಿ ಮಾಡಿದರೆ ಮತ್ತೆ ಮೂರನೆಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾನು ವಾಲ್ವು ಬಿಚ್ಚಿದೆ, ಪಂಪು ಬಿಚ್ಚಿದೆ, ಸರಿಯಿದ್ದದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಸಂಜೆಯಾದರೆ ಹುಮನಾಬಾದಿನ ದಿಕ್ಕಿನಿಂದ ಮೋಡ ಏಳುತ್ತಿತ್ತು, ಗುಡುಗುತ್ತಿತ್ತು, ಒಂದು ಬಿಸಿ ಗಾಳಿ ಬೀಸಿ ಚದುರಿಹೋಗುತ್ತಿತ್ತು. ಪ್ರತಿ ಸಲ ನಾನು ಉಳಿದ ಸಾಲುಗಳನ್ನು ಎಣಿಸುತ್ತಿದ್ದೆ. ಹೊಗೆಯಲ್ಲಿ ಏನೋ ಕರಿದ ವಾಸನೆ ಬರುತ್ತಿತ್ತು, ನಿಜ. ಆದರೆ ಹಬ್ಬದ ವಾರ, ಊರಿಗೆ ಊರೇ ಕುಸುಬೆ ಎಣ್ಣೆಯಲ್ಲಿ ಭಜಿ ಕರಿಯುತ್ತಿತ್ತು. ನಾನು ಮೂಗಿನ ಮಾತು ಕೇಳಲಿಲ್ಲ.

ಸಾಹುಕಾರರು ಹೊಲಕ್ಕೆ ಬಂದರು. ಕೈಯಲ್ಲಿ ಕೊಡೆ, ಮುಖದಲ್ಲಿ ಮೋಡ.

"ಏನ್ರೀ, ಹಬ್ಬದ ತನಾ ಛಂದ ಓಡ್ತಿತ್ತು. ನೀವು ಊರಿಗೆ ಹೋಗಿ ಬರೋದ್ರಾಗ ಕೆಟ್ಟತಂದ್ರ ಹ್ಯಾಂಗ?"

"ಹುಡುಕಾಕತ್ತೀನ್ರಿ."

"ಯಂತ್ರದಾಗ ಹುಡುಕಬ್ಯಾಡ್ರಿ. ಕೊಟ್ಟಿಗ್ಯಾಗ ಹುಡುಕ್ರಿ. ಇದು ಕೆಟ್ರ ಯಾರಿಗಿ ಛಲೋ ಆಗತದ?" ಎಂದು ದನಿ ತಗ್ಗಿಸಿದರು. "ಮಲ್ಕ್ಯಾ ಇದರಾಗ ಕೈಯಾಡ್ಸ್ಯಾನಂತ ಗೊತ್ತಾತಂದ್ರ ಎತ್ತಿನ ಜೋಡಿ ಅವನೂ ಈ ಮನಿ ಬಿಟ್ಟು ಹೋಗ್ತಾನ."

ಅದು ನನ್ನ ತಲೆಗೂ ಬಂದಿರಲಿಲ್ಲ ಎನ್ನಲಾರೆ. ದೂರದಲ್ಲಿ ಮಲ್ಕಪ್ಪ ಕರಿಕೆ ರಾಶಿಗೆ ಬೆಂಕಿ ಇಡುತ್ತಿದ್ದ. ಅವನ ಬೆನ್ನು ನೋಡಿಯೇ ನನಗೆ ಸಿಟ್ಟು ಬಂತು.

ಮರುದಿನ ಎಣ್ಣೆಯ ಮೂತಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕಲಬುರಗಿಗೆ ಹೋದೆ. ಖಾದರ್ ಉಸ್ತಾದರು ಅವನ್ನು ಬಿಸಿಲಿಗೆ ಹಿಡಿದು ನೋಡಿದರು. ನನ್ನ ಕಥೆ ಪೂರ್ತಿ ಕೇಳುವ ತಾಳ್ಮೆ ಅವರಿಗೂ ಇರಲಿಲ್ಲ, ಗುರುವಿಗೆ ತಕ್ಕ ಶಿಷ್ಯ.

"ಅರೆ ಮಾಧೂ, ಬೀಮಾರಿ ಘರಾಂ ಬದಲ್ ರೈ ಬೋಲೇ ತೋ ಘರಾಂ ಮೇಂ ನೈ, ರಾಸ್ತೇ ಮೇಂ ಹೈ."

ರೋಗ ಮನೆಯಿಂದ ಮನೆಗೆ ಓಡಾಡುತ್ತಿದ್ದರೆ ಅದು ಮನೆಯಲ್ಲಿಲ್ಲ, ದಾರಿಯಲ್ಲಿದೆ. ಇಷ್ಟು ಹೇಳಿ ಅವರು ಬೇರೆ ಎಂಜಿನ್ನಿನ ಕಡೆ ತಿರುಗಿದರು. ನಾಲ್ಕೂ ಸಿಲಿಂಡರು ಕುಡಿಯುವ ಎಣ್ಣೆ ಒಂದೇ ಟ್ಯಾಂಕಿನದು. ನಾನು ಟ್ಯಾಂಕಿಗೆ ಇಣುಕಿರಲಿಲ್ಲವೆಂದಲ್ಲ, ಇಣುಕಿ, ಎಣ್ಣೆ ಇದೆ ಅಂತ ಮುಚ್ಚಳ ಹಾಕಿದ್ದೆ. ವಾಪಸು ಬರುವ ಮೋಟಾರಿನಲ್ಲಿ ಡ್ರೈವರನ ಪಕ್ಕ ಕೂತು, "ಬಿರಿ ಬಿರಿ ಹೊಡಿರಿ" ಅಂತ ಅವನ ಜೀವ ತಿಂದೆ.

ಬಂದವನೇ ಟ್ಯಾಂಕಿನ ತಳದ ತಿರುಪು ಬಿಚ್ಚಿದೆ. ಮೊದಲು ಡೀಸೆಲ್ ಸುರಿಯಿತು. ಆಮೇಲೆ ಸಣ್ಣಗಾಯಿತು, ನಿಂತೇ ಹೋಯಿತು. ಕಡ್ಡಿ ಹಾಕಿ ಕೆದಕಿದರೆ ಹಳದಿ ಬಣ್ಣದ ಲೋಳೆ, ಪಾಕದ ಹಾಗೆ ಎಳೆ ಎಳೆಯಾಗಿ ಇಳಿಯಿತು. ಎಣ್ಣೆ ಸೋಸುವ ಜಾಳಿಗೆಯ ಒಳಗೂ ಅದೇ ಮೆತ್ತಿತ್ತು. ಡಿಪೋದವರು ಕೆಟ್ಟ ಎಣ್ಣೆ ಕೊಟ್ಟಿದ್ದಾರೆಂದು ಬೈಯುತ್ತ ಬಾವಿಯ ಕಟ್ಟೆಗೆ ಹೋಗಿ ಕೈಗೆ ಸಬಕಾರ ಹಚ್ಚಿದೆ. ಅಂಗೈ ಕೆಂಪಾಯಿತು. ತಿಕ್ಕಿದಷ್ಟೂ ಕೆಂಪು, ಆರತಿ ತಟ್ಟೆಯ ನೀರಿನ ಹಾಗೆ. ಮನೆಯಲ್ಲಿ ಹೆಂಗಸರಿರುವ ಯಾವನಿಗೂ ಇದು ಗೊತ್ತು: ಅರಿಶಿನಕ್ಕೆ ಸಬಕಾರ ತಾಗಿದರೆ ಕೆಂಪಾಗುತ್ತದೆ. ಆಗ ನನ್ನ ಮೂಗೂ ಕಣ್ಣು ತೆರೆಯಿತು. ಕುಸುಬೆ ಎಣ್ಣೆ, ಅರಿಶಿನ, ತಳದಲ್ಲಿ ಕಚ್ಚಿದ್ದು ಬೆಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಬಾಯಿ ಎತ್ತಿ ಹಿಡಿದು ಬಿದಿರಿನ ಗೊಟ್ಟದಲ್ಲಿ ಕುಡಿಸುವ ಔಷಧಿ ಅದು. ಮೂತಿಯ ಮೇಲಿನ ಅರಿಶಿನ ಕಂಡು ಖುಷಿಪಟ್ಟ ಜಾಣನಿಗೆ ಹೊಟ್ಟೆಯೊಳಗಿನ ಅರಿಶಿನ ಹೊಳೆದಿರಲಿಲ್ಲ.

ಗೊಟ್ಟ ಹಾಕುವವನು ಆ ಮನೆಯಲ್ಲಿ ಒಬ್ಬನೇ. ಕೆಂಪು ಕೈಯಲ್ಲೇ ಕೊಟ್ಟಿಗೆಗೆ ನುಗ್ಗಿದೆ. ಮಲ್ಕಪ್ಪ ಹಂಡ್ಯಾನ ಮೈ ತಿಕ್ಕುತ್ತಿದ್ದ.

"ಟ್ರ್ಯಾಕ್ಟರಿಗೆ ಗೊಟ್ಟ ಹಾಕಿದಿ ಏನೋ?"

"ಹೌದ್ರಿ" ಅಂದ, ಉಜ್ಜುವುದನ್ನು ನಿಲ್ಲಿಸದೆ. "ಒಂದಲ್ಲ, ಎರಡು ಹಾಕೀನಿ. ಮೈ ದೊಡ್ಡದದ ನೋಡ್ರಿ."

ಬೈಗುಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಕೆಡಿಸಬೇಕೆಂದಿದ್ದವನು ಹೀಗೆ ಉತ್ತರ ಕೊಡುವುದಿಲ್ಲ. "ಯಾಕ ಹಾಕಿದಿ?" ಎಂದೆ.

ಅವನು ನನ್ನ ಕೈ ಹಿಡಿದು ಹಂಡ್ಯಾನ ಹೆಗಲ ಮೇಲೆ ಇಟ್ಟ. ನೊಗ ಕೂರುವ ಜಾಗ. ನುಣ್ಣಗೆ, ಬೆಚ್ಚಗಿತ್ತು. "ವರ್ಷಾ ಈ ಹೊತ್ತಿಗಿ ಇಲ್ಲಿ ಅಂಗೈಯಗಲ ಹುಣ್ಣು ಇರ್ತಿತ್ರಿ. ನೊಣ ಹೊಡಿಯೋದ್ರಾಗ ನಂದು ದಿನ ಹೋಗ್ತಿತ್ತು. ಈ ಸಲ ಎಂಟೂ ಹೆಗಲು ಹಿಂಗೇ ಅವ, ನೋಡಬೇಕಂದ್ರ ನೋಡ್ರಿ. ಕರಿಕಿ ಹೊಲಾ ಅದು ಹೊಡೀತು, ಇವು ನೆಳ್ಳಾಗ ನಿಂತ್ವು. ಹಬ್ಬದ ದಿನ ಇವಕ್ಕಷ್ಟೇ ಹಾಕಿ ಅದಕ್ಕ ಬಿಟ್ರ ಹ್ಯಾಂಗ್ರಿ?"

ನಾನು ಅವನಿಗೆ ಎಲ್ಲ ಬಿಡಿಸಿ ಹೇಳಿದೆ: ಅದಕ್ಕೆ ಗೊಟ್ಟ ವಿಷವೆಂದು, ನಾಲ್ಕು ದಿನದಿಂದ ಅದು ಕೆಮ್ಮುತ್ತಿರುವುದು ಅದಕ್ಕೇ ಎಂದು, ಸಾಹುಕಾರರು ಏನು ತಿಳಿದಿದ್ದಾರೆಂದು. ವಿಷ ಎಂಬ ಮಾತನ್ನಷ್ಟೇ ಅವನು ಕೇಳಿಸಿಕೊಂಡಿದ್ದ. "ಬದುಕ್ತದೇನ್ರಿ?" ಅಂದ.

"ಬದುಕ್ತದ. ನೀ ಸುಮ್ಮನಿರು. ಡಿಪೋದ ಎಣ್ಣಿ ಕೆಟ್ಟಿತ್ತು ಅಂತ ಸಾಹುಕಾರ್ರಿಗಿ ನಾ ಹೇಳ್ತೀನಿ."

ಹಾಗೇ ಹೇಳಿದೆ ಕೂಡ. ಪಡಸಾಲೆಯಲ್ಲಿ ಸಾಹುಕಾರರು ಎಲೆ ಮಡಚುತ್ತಿದ್ದರು. ನನ್ನ ಮಾತು ಮುಗಿಯುವ ಮೊದಲೇ ಹಿಂದಿನಿಂದ ದನಿ ಬಂತು.

"ರಾಯರು ಸುಳ್ಳು ಹೇಳಾಕತ್ತಾರ್ರಿ ಧಣೇರ. ಟ್ಯಾಂಕಿನ್ಯಾಗ ಗೊಟ್ಟ ಹಾಕಿದಾಂವ ನಾನು."

ಸಾಹುಕಾರರ ಕೈಯಲ್ಲಿನ ಎಲೆ ಬಿತ್ತು. ಅವರು ಎದ್ದು ನಿಂತರು. ಕೂಗಾಡುತ್ತಾರೆ ಅಂದುಕೊಂಡೆ, ಆದರೆ ಮಲ್ಕಪ್ಪ ಹೆಗಲಿನ ಮಾತನ್ನು ನನಗೆ ಹೇಳಿದ ಹಾಗೇ ಅವರಿಗೂ ಹೇಳಿದ. ಅವರಿಗೆ ನಂಬಿಕೆ ಬರಲಿಲ್ಲ.

"ಇದು ಓಡಿದ್ರ ನಿನ್ನ ಎತ್ತು ಮಾರ್ತೀನಂತ ನಿನಗ ಗೊತ್ತಿಲ್ಲೇನು?"

"ಗೊತ್ತದ್ರಿ."

"ಮತ್ತ?"

"ದುಡದದ್ದಕ್ಕ ಉಣಸಬೇಕಲ್ರಿ. ಮಾರೋದು ನಿಮ್ಮ ಕೆಲಸ, ಮೇಸೋದು ನಂದು."

ಸಾಹುಕಾರರು ಚಪ್ಪಲಿ ಮೆಟ್ಟಿಕೊಂಡು ಕೊಟ್ಟಿಗೆಗೆ ಹೋದರು. ಅಲ್ಲಿ ಎಷ್ಟು ಹೆಗಲು ಮುಟ್ಟಿ ನೋಡಿದರೋ ನನಗೆ ಗೊತ್ತಿಲ್ಲ. ಹೊರಗೆ ಬಂದು ನನಗೆ, "ಟ್ಯಾಂಕ್ ತೊಳಿರಿ" ಅಂದರು. ಮಲ್ಕಪ್ಪನಿಗೆ, "ರಾಯರಿಗಿ ನೀರು ಗೀರು ಕೊಡು, ನಿಂತಿ ಯಾಕ" ಅಂದರು. ಮನೆ ಬಿಡುವ ಮಾತು ಅಲ್ಲಿಗೆ ಮುಗಿಯಿತು. ಎತ್ತಿನ ಮಾತು ಅವರು ಎತ್ತಲಿಲ್ಲ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಟ್ಯಾಂಕು, ಕೊಳವೆ, ಜಾಳಿಗೆ, ಪಂಪು ಎಲ್ಲವನ್ನೂ ಸೀಮೆ ಎಣ್ಣೆಯಲ್ಲಿ ಮತ್ತೆ ಮತ್ತೆ ತೊಳೆದೆವು. ಮಲ್ಕಪ್ಪ ಪಕ್ಕದಲ್ಲೇ ಕೂತು, ಕರುವಿನ ಬಾಯಿ ಒರೆಸುವ ಹಾಗೆ ಎಣ್ಣೆಯ ಮೂತಿಗಳನ್ನು ಒರೆಸಿ ಕೊಟ್ಟ. ಗಾಳಿ ತೆಗೆದು ಹ್ಯಾಂಡಲ್ ತಿರುವಿದೆ. ಒಮ್ಮೆ ಕೆಮ್ಮಿತು, ಕಪ್ಪಗೆ ಉಗುಳಿತು, ಆಮೇಲೆ ನಾಲ್ಕೂ ಕೂಡಿ ಹಿಡಿದುಕೊಂಡವು. ಮಲ್ಕಪ್ಪ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ.

ಉಳಿದ ಹೊಲ ಉಳುವಾಗ ನನ್ನ ಮನಸ್ಸು ನೆಲದ ಮೇಲೆ ನಿಲ್ಲಲಿಲ್ಲ. ಪ್ರತಿ ಸಂಜೆ ಮೋಡ ಏಳುತ್ತಿತ್ತು, ನಾನು ತಲೆಯೆತ್ತಿ ನೋಡುತ್ತಿದ್ದೆ. ಬರಲಿ, ಇವತ್ತೇ ಬರಲಿ, ಹೊಲ ಅರ್ಧಕ್ಕೆ ನಿಲ್ಲಲಿ ಅಂತ ನನಗೆ ಅನಿಸುತ್ತಿತ್ತು. ಮರುಗಳಿಗೆಯೇ ಅಪ್ಪನ ಕುರ್ಚಿ ನೆನಪಾಗಿ, ಬೇಡ, ಇನ್ನೆರಡು ದಿನ ತಡಿ ಅನಿಸುತ್ತಿತ್ತು. ಎಂಜಿನ್ನಿಗೆ ಕಿವಿಗೊಟ್ಟು ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಕೊನೆಯ ಸಾಲು ಮುಗಿಸಿ ಬದುವಿಗೆ ಬಂದ ಮೇಲೆ ದಪ್ಪ ದಪ್ಪ ಹನಿ ಬಿದ್ದವು. ಹಂಡೆ ಬೋರಲು ಹಾಕಿದಂತೆ ಮಿರಗ ಸುರಿಯಿತು.

ಸಾಹುಕಾರರು ಮಾತಿಗೆ ತಪ್ಪದ ಮನುಷ್ಯ. ಮಳೆ ಬಿಡುವು ಕೊಟ್ಟ ವಾರ ಮೂರು ಜೋಡಿ ಎತ್ತು ಹುಮನಾಬಾದಿಗೆ ಹೊರಟವು. ಹುಣ್ಣಿಲ್ಲದ ಹೆಗಲಿಗೆ ಸಂತೆಯಲ್ಲಿ ಗಿರಾಕಿಗಳು ಮುಗಿಬಿದ್ದರಂತೆ. ಹೊಡೆದುಕೊಂಡು ಹೋದವನು ಮಲ್ಕಪ್ಪನೇ, ಬೇರೆ ಯಾರ ಕೈಗೂ ಕೊಡಲಿಲ್ಲ. ಮನೆಗೆ ಉಳಿದದ್ದು ಹಂಡ್ಯಾ ಮತ್ತು ಅದರ ಜೋಡಿ.

ಅವನು ಮರಳಿದ ದಿನ ನಾನು ಬಾಡಿಗೆಗೆ ಬೇರೊಬ್ಬರ ಹೊಲಕ್ಕೆ ಹೊರಡಲೆಂದು ಟ್ರ್ಯಾಕ್ಟರು ಚಾಲೂ ಮಾಡಿ ನಿಂತಿದ್ದೆ. ಅವನು ರಸ್ತೆಯಿಂದ ಇಳಿದು ಬಂದ. ನಮ್ಮ ಕಡೆ ಎತ್ತು ಮಾರಿದರೂ ಹಗ್ಗ ಮಾರುವುದಿಲ್ಲ, ಹೆಗಲ ಮೇಲೆ ಆರು ಹಗ್ಗ ಇದ್ದವು. ಏನಾದರೂ ಅನ್ನುತ್ತಾನೆ, ಬೈಯುತ್ತಾನೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಹಗ್ಗಗಳನ್ನು ಬೇವಿನ ಬುಡದಲ್ಲಿ ಇಳಿಸಿ, ನನ್ನ ಕೈಯಿಂದ ಎಣ್ಣೆಯ ಡಬ್ಬಿ ತೆಗೆದುಕೊಂಡ. ತನ್ನ ಧೋತರದ ಒಣ ಚುಂಗನ್ನು ಟ್ಯಾಂಕಿನ ಬಾಯಿಗೆ ಹಿಡಿದು, ಒಂದು ಕಸವೂ ಹೋಗದ ಹಾಗೆ ನಿಧಾನವಾಗಿ ಡೀಸೆಲ್ ಸೋಸತೊಡಗಿದ.

"ಇವತ್ತಿಗಿ ಇಷ್ಟು ಸಾಕೇನ್ರಿ ಇದಕ್ಕ?" ಎಂದು ಕೇಳಿದ.

ಸಾಕು ಅಂದೆ. ಎಂಜಿನ್ ನಾಲ್ಕೂ ಸಿಲಿಂಡರಿನ ಮೇಲೆ, ಒಂದಿಷ್ಟೂ ತಪ್ಪದೆ ಓಡುತ್ತಿತ್ತು. ಅಷ್ಟು ಸರಿಯಾಗಿ ಓಡುವ ಎಂಜಿನ್ನಿನ ಪಕ್ಕ ನಿಂತು ನನಗೆ ಅಷ್ಟು ಸಂಕಟವಾದದ್ದು ಅದೊಂದೇ ಸಲ.